ಮಿಲ್ಲಿನೂರಿನ ಲೈಬ್ರರಿಯಲ್ಲಿ ಎಮ್ಮೆಯ ಕಥೆ ಹೇಳಿದ್ದು

ದಾವಣಗೆರೆ

ನಾನು ವಿಲಾಯತಿಗೆ ಹೋಗಿ ಬಂದೆನೆಂದು ತಿಳಿದ ಮೇಲೆ ನಮ್ಮೂರಿನ ಜನ ನನ್ನನ್ನು ಎರಡೇ ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಏನು ಉಂಡ್ರಿ ಎನ್ನುವುದು ಒಂದು, ಚಳಿ ಹೆಂಗಿತ್ತು ಎನ್ನುವುದು ಇನ್ನೊಂದು. ಆಲೂಗಡ್ಡೆ ಉಂಡೆ, ನಡುಗಿದೆ ಎಂದು ಹೇಳಿ ಹೇಳಿ ಸಾಕಾಗಿದೆ. ಯಾಕೆ ಹೋಗಿದ್ದೆ, ಅಲ್ಲಿ ಏನಾಯಿತು ಎಂದು ಕೇಳಿದವರು ಕಡಿಮೆ. ಕೇಳಿದವರಿಗೂ ನೆಟ್ಟಗೆ ಹೇಳಲು ನನಗೆ ಬರಲಿಲ್ಲ. ಅಲ್ಲಿದ್ದ ಆರು ವಾರಗಳಲ್ಲಿ ಹೆಚ್ಚು ದಿನ ಏನು ನಡೆಯುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

ನಾನು ದಾವಣಗೆರೆಯ ಸಾರ್ವಜನಿಕ ಲೈಬ್ರರಿಯಲ್ಲಿ ಸಹಾಯಕ, ಹೆಸರು ಖಾದರ್. ಪುಸ್ತಕಗಳಿಗೆ ನಂಬರು ಅಂಟಿಸುವುದು, ತಿರುಗಿ ಬಾರದ ಪುಸ್ತಕಗಳನ್ನು ಹುಡುಕಿಕೊಂಡು ಮನೆಮನೆ ಅಲೆಯುವುದು ನನ್ನ ಕೆಲಸ. ಅದರ ಜೊತೆಗೆ ಶನಿವಾರದ ಸಂಜೆಯನ್ನು ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಸಂಜೆಯ ಪಾಳಿ ಬದಲಾಗಿ ಮಿಲ್ಲು ಕೂಗಿದ ಮೇಲೆ ಓದುವ ಮೇಜುಗಳನ್ನು ಗೋಡೆಗೆ ತಳ್ಳಿ ಜಮಖಾನ ಹಾಸುತ್ತಿದ್ದೆವು. ಮಿಲ್ಲಿನವರು ಬರುತ್ತಿದ್ದರು, ಬಜಾರಿನವರು ಬರುತ್ತಿದ್ದರು, ಲೋಕಿಕೆರೆಯಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಯಾರು ಬೇಕಾದರೂ ಎದ್ದು ಕಥೆ ಹೇಳಬಹುದು. ಒಂದೇ ನಿಯಮವೆಂದರೆ ಕೇಳುವವರಲ್ಲಿ ಒಬ್ಬರು ಹೂಂಗುಟ್ಟಬೇಕು. ಬಳೆ ಮಾರುವ ರುದ್ರಜ್ಜ ಆ ಕೆಲಸಕ್ಕೆ ಮುಂದೆ ಕೂಡುತ್ತಿದ್ದ. ಅವನು ಹೂಂ ಅನ್ನುವುದು ನಿಂತರೆ ಕಥೆ ಸಪ್ಪೆಯಾಗಿದೆ ಎಂದು ಅರ್ಥ.

ಲೈಬ್ರರಿ ಕಮಿಟಿಯ ಅಧ್ಯಕ್ಷ ವೀರಭದ್ರಪ್ಪನವರಿಗೆ ಇದು ಹಿಡಿಸುತ್ತಿರಲಿಲ್ಲ. ಅವರು ಹತ್ತಿ ವ್ಯಾಪಾರಸ್ಥರು, ಒಳ್ಳೆಯವರು, ಆದರೆ ಗದ್ದಲ ಕಂಡರೆ ಆಗದವರು.

"ಲೈಬ್ರರಿ ಅಂದ್ರೆ ಸದ್ದಿಲ್ದ ಜಾಗ ಸಾಬ್ರೆ. ನೀವು ಇದನ್ನ ಸಂತಿ ಮಾಡೀರಿ" ಎನ್ನುತ್ತಿದ್ದರು.

ಒಂದು ವರ್ಷ ಮೈಸೂರು ರಾಜ್ಯದ ಲೈಬ್ರರಿಗಳನ್ನು ನೋಡಲು ಮಿಸ್ ಹಾರ್ಟ್ಲಿ ಎಂಬ ಇಂಗ್ಲಿಷ್ ಹೆಂಗಸು ಬಂದಿದ್ದರು. ಲ್ಯಾಂಕಶೈರಿನ ಒಂದು ಮಿಲ್ಲಿನೂರಿನಲ್ಲಿ ಅವರು ಲೈಬ್ರೇರಿಯನ್. ಒಂದಕ್ಷರ ಕನ್ನಡ ಬಾರದಿದ್ದರೂ ನಮ್ಮ ಶನಿವಾರದ ಸಂಜೆಯಲ್ಲಿ ಎರಡು ತಾಸು ಜಮಖಾನದ ಮೇಲೆ ಕೂತಿದ್ದು, ಏಳುವಾಗ ಕಾಲು ಜೋಮು ಹಿಡಿದು ಇಬ್ಬರು ಹೆಂಗಸರ ಹೆಗಲು ಹಿಡಿದು ಎದ್ದರು. ಕೆಲವು ತಿಂಗಳ ಮೇಲೆ ಅವರ ಕಾಗದ ಬಂತು. ತಮ್ಮಲ್ಲೂ ಶುಕ್ರವಾರ ಸಂಜೆ ಕಥೆ ಹೇಳಿಸುತ್ತಾರಂತೆ, ಜನ ಬರುವುದು ಕಡಿಮೆಯಾಗಿದೆಯಂತೆ, ನಾನು ಬಂದು ಆರು ವಾರ ನಡೆಸಿಕೊಡಬೇಕಂತೆ. ಹಡಗಿನ ವ್ಯವಸ್ಥೆಯನ್ನು ಅಲ್ಲಿಯ ಒಂದು ಸಂಸ್ಥೆ ನೋಡಿಕೊಳ್ಳುತ್ತದಂತೆ.

ಅಧ್ಯಕ್ಷರು ಕಾಗದವನ್ನು ಎರಡು ಸಲ ಓದಿಸಿಕೊಂಡರು. "ಹೋಗಿ ಬರ್ರಿ. ಅವ್ರು ಹೆಂಗೆ ಮಾಡ್ತಾರೆ ಅಂತ ನೋಡ್ಕೊಂಡು ಬಂದು ಕಮಿಟಿಗೆ ಹೇಳ್ರಿ. ಅಲ್ಲಿ ಗದ್ದಲ ಇಲ್ಲಂದ್ರ ಇಲ್ಲೂ ಬ್ಯಾಡ. ನಿಲ್ಸಿಬಿಡೋಣ."

ಅವರು ಕಲಿಸಲು ಕರೆಯುತ್ತಿದ್ದಾರೆ, ಇವರು ಕಲಿಯಲು ಕಳಿಸುತ್ತಿದ್ದಾರೆ. ನಾನು ಯಾವುದಕ್ಕೆ ಹೊರಟಿದ್ದೇನೆ ಎಂಬ ಗೊಂದಲ ಅಲ್ಲಿಂದಲೇ ಶುರುವಾಯಿತು.

ಹರಿಹರದ ಸ್ಟೇಷನ್

ನನ್ನ ಅಬ್ಬಾ ಹರಿಹರದಲ್ಲಿ ತಂಗಿಯ ಮನೆಯಲ್ಲಿರುತ್ತಾರೆ. ದಾವಣಗೆರೆಯ ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿ ಇಡೀ ಆಯುಷ್ಯ ದುಡಿದು ಕಿವಿ ಕಳೆದುಕೊಂಡವರು. ನೂರಾರು ಮಗ್ಗ ಒಟ್ಟಿಗೆ ಬಡಿಯುವಲ್ಲಿ ಮಾತು ಕೇಳುವುದಿಲ್ಲ. ಆದ್ದರಿಂದ ಮಗ್ಗದವರು ದನಿ ತೆಗೆಯದೆ ಬಾಯಿ ಅಗಲ ಮಾಡಿ, ಕೈ ಸನ್ನೆ ಸೇರಿಸಿ ಮಾತಾಡುತ್ತಾರೆ. ಅಬ್ಬಾ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದರು. ನಾನು ಮತ್ತು ತಂಗಿ ಅಕ್ಷರ ಓದುವುದಕ್ಕಿಂತ ಮುಂಚೆ ಅವರ ತುಟಿ ಓದಲು ಕಲಿತೆವು.

ಪೂನಾ ಕಡೆಯ ಗಾಡಿ ಹರಿಹರದಲ್ಲಿ ನಿಂತಾಗ ಇಬ್ಬರೂ ಪ್ಲಾಟ್‌ಫಾರಂನಲ್ಲಿದ್ದರು. ತಂಗಿಯ ಕೈಯಲ್ಲಿ ರೊಟ್ಟಿ, ಚಟ್ನಿಪುಡಿ, ಮಂಡಕ್ಕಿಯ ದೊಡ್ಡ ಗಂಟು. ನನ್ನ ಕಿಟಕಿಯ ಗಾಜು ಸಿಕ್ಕಿಕೊಂಡು ಮೇಲೇಳಲಿಲ್ಲ. ಬಾಗಿಲಿಗೆ ಓಡೋಣವೆಂದರೆ ದಾರಿಯ ತುಂಬ ಟ್ರಂಕುಗಳು. ಅಷ್ಟರಲ್ಲಿ ಗಾಡಿ ಅಲುಗಾಡಿತು. ಗಂಟು ತಂಗಿಯ ಕೈಯಲ್ಲೇ ಉಳಿಯಿತು.

ಅಬ್ಬಾ ಗಾಜಿನ ಪಕ್ಕದಲ್ಲೇ ನಡೆಯುತ್ತ ದೊಡ್ಡದಾಗಿ ಬಾಯಿ ತೆರೆದು ಹೇಳುತ್ತಿದ್ದರು: ಕಿವಿಗೆ ಗಾಳಿ ತಾಗಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ತಿಳಿಯದಿದ್ದರೆ ಇನ್ನೊಂದು ಸಲ ಕೇಳು, ಸುಮ್ಮನೆ ತಲೆ ಆಡಿಸಬೇಡ.

ಎದುರಿಗೆ ಕೂತಿದ್ದ ರಾಣೇಬೆನ್ನೂರಿನ ವ್ಯಾಪಾರಿ ಕನಿಕರದಿಂದ ಕೇಳಿದ. "ಯಾಕ್ರಿ, ಆ ಹಿರೇರು ನಿಮ್ಮನ್ನ ಅಷ್ಟು ಬೈಯಾಕತ್ತಾರ?"

ಬೈಯುತ್ತಿಲ್ಲ, ಬೀಳ್ಕೊಡುತ್ತಿದ್ದಾರೆ ಎಂದೆ. ಅವನು ನಂಬಲಿಲ್ಲ.

ಹಡಗು

ಹಡಗಿನ ಬಗ್ಗೆ ಬರೆಯುವಷ್ಟು ನಾನು ಅದನ್ನು ನೋಡಲಿಲ್ಲ. ಮೊದಲ ವಾರ ಮಲಗಿದ್ದೆ, ಎರಡನೇ ವಾರ ಕೂತಿದ್ದೆ. ಜೊತೆಗಿದ್ದವನು ಪಂಜಾಬಿನ ಒಬ್ಬ ದೊಡ್ಡಾಳು. ಅವನ ಭಾವ ವಿಲಾಯತಿಯ ಮಿಲ್ಲೊಂದರಲ್ಲಿದ್ದ. ನನ್ನ ಇಂಗ್ಲಿಷು ಪುಸ್ತಕದ್ದು, ಆಡಿ ಅಭ್ಯಾಸವಿಲ್ಲ ಎಂದು ಅವನ ಹತ್ತಿರ ಹೇಳಿಕೊಂಡೆ. ಅವನು ಧೈರ್ಯ ಹೇಳಿದ. ಅಲ್ಲಿಯವರು ಏನೇ ಕೇಳಲಿ, ನಕ್ಕು 'ಯೆಸ್, ವೆರಿ ಗುಡ್, ಥ್ಯಾಂಕ್ಯೂ' ಅಂದುಬಿಡು, ಎಲ್ಲ ನಡೆಯುತ್ತದೆ ಎಂದ. ಅವನ ಭಾವ ಮೂರು ವರ್ಷ ಅದರಲ್ಲೇ ಕಳೆದಿದ್ದನಂತೆ.

ಅಬ್ಬಾ ಹೇಳಿದ್ದಕ್ಕಿಂತ ಇದು ಸುಲಭವೆನಿಸಿತು.

ಹೊಗೆಯಿಲ್ಲದ ಚಿಮಣಿಗಳು

ಮಿಸ್ ಹಾರ್ಟ್ಲಿಯವರ ಊರಿನ ಹೆಸರನ್ನು ಬರೆಯುವುದಿಲ್ಲ. ಮ್ಯಾಂಚೆಸ್ಟರಿನಿಂದ ಬಸ್ಸಿನಲ್ಲಿ ಹೋಗಬೇಕು. ಬಸ್ಸಿಗೆ ಹೆಂಗಸೇ ಕಂಡಕ್ಟರು. ಆಕೆ ಟಿಕೆಟ್ ಕೊಡುತ್ತ ನನ್ನನ್ನು 'ಲವ್' ಎಂದು ಕರೆದಳು. ನಾನು ತಬ್ಬಿಬ್ಬಾಗಿ ಕಿಟಕಿಯ ಕಡೆ ತಿರುಗಿದೆ. ಹಿಂದೆ ಕೂತಿದ್ದ ಮುದುಕನನ್ನೂ ಆಕೆ 'ಲವ್' ಎಂದಳು, ಮುದುಕ ತಾನೂ ಹಾಗೇ ಅಂದ. ಅದು ನಮ್ಮಲ್ಲಿ ಅಣ್ಣ, ಯಪ್ಪಾ ಅಂದಹಾಗೆ ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ನಾನು ತರಕಾರಿ ಅಂಗಡಿಯವಳನ್ನು ಒಂದು ಸಲ ಹಾಗೆ ಕರೆದು, ತಕ್ಷಣ ಕ್ಷಮೆಯನ್ನೂ ಕೇಳಿದ್ದೆ. ಆಕೆಗೆ ಕ್ಷಮೆ ಯಾಕೆಂದು ತಿಳಿಯಲಿಲ್ಲ.

ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ಐದು ಗಂಟೆಗೆ ಟೀಗೆ ಬಾ ಎಂದರು. ಟೀ ತಾನೆ ಎಂದು ನಾನು ಹೊರಗೆ ಹೊಟ್ಟೆ ತುಂಬ ತಿಂದು ಹೋದರೆ ಮೇಜಿನ ತುಂಬ ಊಟ. ಮರುದಿನ ಡಿನ್ನರು ಎಂದಾಗ ರಾತ್ರಿಯ ಊಟವೆಂದು ಕಾದು ಕೂತೆ. ಅದು ಮಧ್ಯಾಹ್ನವೇ ಮುಗಿದಿತ್ತು. ಹಸಿದುಕೊಂಡು ಮಲಗಿದೆ.

ಊರು ಮಾತ್ರ ನೋಡಿದ ಊರಿನಂತೆಯೇ ಇತ್ತು. ಕೆಂಪು ಇಟ್ಟಿಗೆಯ ಮಿಲ್ಲು, ಅದರ ಗೋಡೆಗೆ ಆತುಕೊಂಡ ಸಾಲುಮನೆ, ಮೂಲೆಯಲ್ಲಿ ಅಂಗಡಿ. ಆದರೂ ಏನೋ ಕಡಿಮೆಯಾಗಿದೆ ಅನಿಸುತ್ತಿತ್ತು. ಚಿಮಣಿಗಳಿದ್ದವು, ಹೊಗೆಯಿರಲಿಲ್ಲ. ನಮ್ಮೂರಿನಲ್ಲಿ ಗಡಿಯಾರವಿಲ್ಲದವರೂ ಮಿಲ್ಲಿನ ಕೂಗಿಗೆ ಏಳುತ್ತಾರೆ, ಉಣ್ಣುತ್ತಾರೆ. ಇಲ್ಲಿ ಯಾವ ಮಿಲ್ಲೂ ಕೂಗಲಿಲ್ಲ. ಗಂಡಸರು ನಡುಹಗಲಲ್ಲಿ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು. ರಜೆಯಿರಬೇಕು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಮೊದಲ ಶುಕ್ರವಾರ

ಲೈಬ್ರರಿ ನಮ್ಮ ಪುರಸಭೆಯ ಕಚೇರಿಗಿಂತ ದೊಡ್ಡದು. ಎಲ್ಲ ಗೋಡೆಯ ಮೇಲೂ ನಿಶ್ಶಬ್ದ ಎಂದು ಬರೆದಿತ್ತು. ಆ ಬೋರ್ಡಿನ ಕೆಳಗೇ ಕುರ್ಚಿ ಸಾಲು ಹಾಕಿದ್ದರು. ನನ್ನ ಮುಂದೆ ಒಂದು ಲೋಟ ನೀರು, ಒಂದು ಪುಟ್ಟ ಗಂಟೆ. ಹೇಳುವವರು ಹದಿನೈದು ನಿಮಿಷ ಮೀರಿದರೆ ಗಂಟೆ ಬಾರಿಸಬೇಕಂತೆ.

ಇಪ್ಪತ್ತು ಇಪ್ಪತ್ತೈದು ಜನ ಬಂದರು. ಹೆಚ್ಚಿನವರು ವಯಸ್ಸಾದವರು, ಕೋಟು ಬಿಚ್ಚಲಿಲ್ಲ. ಮಿಸ್ ಹಾರ್ಟ್ಲಿ ನನ್ನನ್ನು ಪರಿಚಯಿಸುತ್ತ, ಇವರೂ ಹತ್ತಿಯ ಮಿಲ್ಲುಗಳ ಊರಿನವರು, ಇವರ ಊರಿನಲ್ಲಿ ಮಿಲ್ಲುಗಳು ಬೆಳೆಯುತ್ತಿವೆ ಎಂದರು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ನನ್ನ ಪುಸ್ತಕದ ಇಂಗ್ಲಿಷಿನಲ್ಲಿ ಎಮ್ಮೆಯ ಕಥೆ ಹೇಳಿದೆ. ಲೋಕಿಕೆರೆಯ ಒಬ್ಬ ಮಲೆಬೆನ್ನೂರಿನ ಸಂತೆಯಲ್ಲಿ ಎಮ್ಮೆ ಕೊಳ್ಳುತ್ತಾನೆ. ಮನೆಗೆ ತಂದರೆ ಎಮ್ಮೆ ಹಾಲು ಕೊಡುವುದಿಲ್ಲ. ಹಿಂಡಿ ಹಾಕಿದರೂ ಇಲ್ಲ, ಹರಕೆ ಹೊತ್ತರೂ ಇಲ್ಲ. ಕಡೆಗೆ ಅದನ್ನು ದಿನವೂ ಕರೆಯುತ್ತಿದ್ದ, ಮಾರಿದವನ ಹೆಂಡತಿಯ ಹಳೇ ಸೀರೆಯನ್ನು ಬೇಡಿ ತಂದು, ತಾನೇ ಉಟ್ಟುಕೊಂಡು ಕೂತು ಹಾಲು ಕರೆಯುತ್ತಾನೆ. ಅವನು ಮೀಸೆ ಹೊತ್ತು ಸೀರೆ ಉಟ್ಟು ಕೂತಿರುವಾಗಲೇ ಮಗಳನ್ನು ನೋಡಲು ಬೀಗರು ಬರುತ್ತಾರೆ. ನಮ್ಮ ಲೈಬ್ರರಿಯಲ್ಲಿ ಈ ಕಥೆಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇಲ್ಲಿ ಮೊದಲ ಮಾತಿಗೆ ನಿಲ್ಲಿಸಿ ಹೂಂಗಾಗಿ ಕಾದೆ. ಯಾರೂ ಅನ್ನಲಿಲ್ಲ. ಮುಂದಿನ ಮಾತು ಹೇಳಿ ಮತ್ತೆ ಕಾದೆ. ಇಪ್ಪತ್ತೈದು ಮುಖಗಳು ಸುಮ್ಮನೆ ನನ್ನನ್ನೇ ನೋಡುತ್ತಿದ್ದವು. ಕತ್ತಲಲ್ಲಿ ಮೆಟ್ಟಿಲು ಇಳಿದಂತಾಯಿತು, ಮುಂದಿನ ಮೆಟ್ಟಿಲಿದೆಯೋ ಇಲ್ಲವೋ ತಿಳಿಯದು. ಕಥೆ ಹಿಡಿಸಿಲ್ಲವೆಂದು ಬೇಗ ಬೇಗ ಹೇಳಿದೆ. ಬೀಗರು ಬರುವಾಗ ಯಾರೋ ಒಬ್ಬರು ಕೆಮ್ಮಿದರು. ಮುಗಿಸಿದಾಗ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತು ಇವರು ಕೇಳುತ್ತಿದ್ದರೇ ಎಂದು ನನಗೇ ಆಶ್ಚರ್ಯವಾಯಿತು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತ. ತೆಳ್ಳಗೆ, ಎತ್ತರ, ಕೈಯಲ್ಲಿ ಟೋಪಿ. ಏನೋ ಉದ್ದವಾಗಿ ಹೇಳಿದ. ಆ ಸೀಮೆಯ ಇಂಗ್ಲಿಷು ನನ್ನ ಕಿವಿಗೆ ಹತ್ತುತ್ತಲೇ ಇರಲಿಲ್ಲ. 'ಮಗ್ಗ', 'ಇಂಡಿಯಾ', 'ಒಳ್ಳೆಯದು', ಈ ಮೂರು ಮಾತು ಸಿಕ್ಕವು. ನಿಮ್ಮಲ್ಲಿ ಮಗ್ಗಗಳು ಚೆನ್ನಾಗಿ ನಡೆಯುತ್ತವೆಯೇ ಎಂದು ಕೇಳುತ್ತಿರಬೇಕು ಎಂದುಕೊಂಡೆ. ತಲೆಯನ್ನು ಅತ್ತಿತ್ತ ಆಡಿಸಿ, ನಕ್ಕು, "ಯೆಸ್, ವೆರಿ ಗುಡ್, ಥ್ಯಾಂಕ್ಯೂ" ಎಂದೆ.

ಮುದುಕ ಟೋಪಿ ಹಾಕಿಕೊಂಡು ಹೊರಟುಹೋದ. ಅವನ ಹಿಂದೆ ಇನ್ನೂ ನಾಲ್ಕೈದು ಜನ ಎದ್ದರು. ಮಿಸ್ ಹಾರ್ಟ್ಲಿಯವರ ಮುಖ ಬಿಳಿಚಿಕೊಂಡಿತ್ತು.

ಎಲ್ಲರೂ ಹೋದ ಮೇಲೆ ಅವರು ನನಗೆ ಬಿಡಿಸಿ ಹೇಳಿದರು. ಆತನ ಹೆಸರು ವಾಲ್ಟರ್. ಈ ಊರಿನ ಮಿಲ್ಲು ಹೋದ ವರ್ಷ ಮುಚ್ಚಿದೆ. ಅವನು ನಡೆಸುತ್ತಿದ್ದ ಮಗ್ಗಗಳನ್ನು ಬಿಚ್ಚಿ, ಪೆಟ್ಟಿಗೆಗೆ ತುಂಬಿ ಇಂಡಿಯಾಕ್ಕೆ ಮಾರಿದ್ದಾರೆ. ಅವನು ಕೇಳಿದ್ದು ಇದು: "ನಿನ್ನ ಕಥೆಯ ಎಮ್ಮೆಯ ಹಾಗೆ ನನ್ನ ಮಗ್ಗಗಳೂ ಇಂಡಿಯಾಕ್ಕೆ ಹೋದವು. ನಾವೆಲ್ಲ ಮನೆಯಲ್ಲಿ ಕೂತಿದ್ದೇವೆ. ಆದದ್ದು ಒಳ್ಳೆಯದಾಯಿತು ಅಂತೀಯಾ?"

ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ತಿಳಿಯದಿದ್ದರೆ ಕೇಳು ಎಂದು ಅಬ್ಬಾ ಗಾಜಿನಾಚೆಯಿಂದ ಹೇಳಿ ಕಳಿಸಿದ್ದರೂ, ನಾನು ಒಬ್ಬ ಮುದುಕನ ಅನ್ನ ಹೋದದ್ದಕ್ಕೆ ನಕ್ಕು ಥ್ಯಾಂಕ್ಸ್ ಹೇಳಿದ್ದೆ.

ವಾಲ್ಟರನ ಮನೆ

ಮರುದಿನ ಬೆಳಿಗ್ಗೆ ಮಿಸ್ ಹಾರ್ಟ್ಲಿ ವಿಳಾಸ ಕೊಟ್ಟರು. ಜೊತೆಗೆ ಬರುತ್ತೇನೆ ಎಂದರು, ನಾನು ಬೇಡವೆಂದೆ. ಆಮೇಲೆ ದಾರಿಯುದ್ದಕ್ಕೂ ಯಾಕೆ ಬೇಡವೆಂದೆನೋ ಎಂದು ಹಳಹಳಿಸಿದೆ. ಆ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಎರಡು ತಪ್ಪು ಬಾಗಿಲು ತಟ್ಟಿದ ಮೇಲೆ ಮೂರನೆಯದನ್ನು ವಾಲ್ಟರನ ಹೆಂಡತಿ ಎಡಿತ್ ತೆರೆದರು. ದುಂಡಗಿನ, ಗಿಡ್ಡನೆಯ ಹೆಂಗಸು. ನನ್ನನ್ನು ನೋಡಿ ಏನೂ ಕೇಳದೆ ಒಳಗೆ ಕರೆದರು.

ವಾಲ್ಟರ್ ಬೆಂಕಿಯ ಮುಂದೆ ಕೂತಿದ್ದ. ದಾರಿಯಲ್ಲಿ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತನ್ನು ನಾನು ಒಪ್ಪಿಸಿದೆ. ಅವನು ಕಿವಿಯ ಹಿಂದೆ ಕೈ ಇಟ್ಟುಕೊಂಡ. ಮತ್ತೆ ಹೇಳಿದೆ. ತಡವರಿಸುತ್ತಿದ್ದ ನನ್ನ ಇಂಗ್ಲಿಷು ಅವನಿಗೆ ತಿಳಿಯಲಿಲ್ಲ, ಅವನದು ನನಗೆ ತಿಳಿಯಲಿಲ್ಲ. ಬೇಸತ್ತು ಅವನು ಕೋಣೆಯ ಆ ತುದಿಯಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ದನಿ ತೆಗೆಯದೆ, ಬಾಯಿ ಅಗಲ ಮಾಡಿ, ತುಟಿಯನ್ನು ಹಿಗ್ಗಿಸಿ ಏನೋ ಹೇಳಿದ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದ.

ಅದು ಅಬ್ಬಾನ ಖಾತೆಯ ಸನ್ನೆಯೇ. "ನೂಲು ಹರಿಯಿತು" ಎಂದೆ, ಇಂಗ್ಲಿಷಿನಲ್ಲಿ.

ಇಬ್ಬರೂ ನನ್ನ ಕಡೆ ತಿರುಗಿದರು. ಅವನು ಹೇಳಿದ್ದು ಅದೇ. ಇವನ ಜೊತೆ ಮಾತಿನ ನೂಲು ಹರಿದುಹೋಗುತ್ತಿದೆ ಎಂದು ಹೆಂಡತಿಗೆ ಹೇಳಿದ್ದನಂತೆ.

ನಾನು ಅಬ್ಬಾನ ಹಾಗೆ ಮೀಸೆ ತಿರುವುವ ಸನ್ನೆ ಮಾಡಿ, ಬಾಗಿಲ ಕಡೆ ಕಣ್ಣು ಹೊರಳಿಸಿದೆ. ನಮ್ಮ ಮಿಲ್ಲಿನಲ್ಲಿ ಅದಕ್ಕೆ ಮೇಸ್ತ್ರಿ ಬಂದ ಎಂದು ಅರ್ಥ. ಎಡಿತ್‌ಗೆ ಅದು ತಿಳಿಯಿತು. ಅವರಲ್ಲಿ ಅದಕ್ಕೆ ಕತ್ತಿನ ಟೈ ಎಳೆದುಕೊಳ್ಳುವ ಸನ್ನೆ. ಹೊಟ್ಟೆ ಹಸಿವಿನ ಸನ್ನೆ ಎರಡೂ ಕಡೆ ಒಂದೇ. ಹೊತ್ತು ಎಷ್ಟು ಎನ್ನುವ ಸನ್ನೆಯಲ್ಲಿ ಸ್ವಲ್ಪ ವ್ಯತ್ಯಾಸವಿತ್ತು. ಒಂದು ಗಂಟೆ ಮೂವರೂ ಚಿಕ್ಕ ಮಕ್ಕಳಂತೆ ಕೈ ಆಡಿಸುತ್ತ ಕೂತೆವು. ಅಷ್ಟು ಹೊತ್ತಿನಲ್ಲಿ ಅವನ ಮಾತೂ ನಿಧಾನವಾಗಿ ನನಗೆ ಬಿಡಿಸಿಕೊಂಡಿತು. ಅದು ಬಾಲ ಕತ್ತರಿಸಿದ ಇಂಗ್ಲಿಷು, ನಮ್ಮ ಕಡೆಯ ಕನ್ನಡದ ಹಾಗೆ. ಆದ್ದರಿಂದ ಅವನಾಡಿದ್ದನ್ನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ.

"ನಿಮ್ಮಪ್ಪಂದೂ ಕಿವಿ ಹೋಗೈತಾ?" ಎಂದು ಕೇಳಿದ.

ಹೋಗಿದೆ ಎಂದೆ.

"ನಿನ್ನೆ ನಾನು ಕೇಳಿದ್ದು ನಿಂಗೆ ತಿಳೀಲಿಲ್ಲ. ಹೌದಲ್ಲ?"

"ತಿಳಿಯಲಿಲ್ಲ. ತಿಳಿದವನ ಹಾಗೆ ಮಾಡಿದೆ."

"ಈಗ ತಿಳಿದೈತಲ್ಲ, ಈಗ ಹೇಳು."

ನಮ್ಮೂರಿನಲ್ಲಿ ಒಂದು ಮಗ್ಗ ಹೆಚ್ಚಾದರೆ ಒಂದು ಮನೆಯ ಒಲೆ ಹತ್ತುತ್ತದೆ, ಅದನ್ನು ಕೆಟ್ಟದ್ದು ಅನ್ನಲಾರೆ. ಅವನ ಎದುರು ಕೂತು ಒಳ್ಳೆಯದು ಅನ್ನಲೂ ಆರೆ. "ನನಗೆ ಗೊತ್ತಿಲ್ಲ" ಎಂದೆ.

ಅವನು ತಲೆದೂಗಿದ. "ಆತು. ಇದು ಖರೇ ಮಾತು."

ಆಮೇಲೆ ಅವನು ತನ್ನ ಮಗ್ಗದ ವಿಷಯ ಹೇಳಿದ. ಒಟ್ಟು ಆರು ಮಗ್ಗ ಅವನವು, ಪಕ್ಕದ ಆರು ಎಡಿತ್ ಅವರವು. ಮದುವೆಗೆ ಮುಂಚೆ ಆಕೆಯ ಕಡೆಗಿದ್ದ ತನ್ನ ಮಗ್ಗದ ಒಳಮೈಯಲ್ಲಿ, ಎರಕದ ಕಬ್ಬಿಣದ ಮೇಲೆ, ಉಳಿಯಿಂದ ಆಕೆಯ ಹೆಸರಿನ ಮೊದಲಕ್ಷರ ಕೊರೆದಿದ್ದ. ಇಂಗ್ಲಿಷಿನ ಇ, ಹೆಬ್ಬೆರಳಿನಷ್ಟು. ಮೇಸ್ತ್ರಿಗೆ ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು. ಎಡಿತ್ ನಾಚಿಕೊಂಡು ಟೀ ತರಲು ಎದ್ದರು.

"ನಿಮ್ಮೂರ ಮಿಲ್ನಾಗೆ ಒಮ್ಮೆ ನೋಡು. ಇದ್ರೂ ಇರಬೋದು."

ಇಂಡಿಯಾ ಎಷ್ಟು ದೊಡ್ಡದೆಂದು ಅವನಿಗೆ ಹೇಗೆ ಹೇಳುವುದು? ಬೊಂಬಾಯಿ, ಅಹಮದಾಬಾದು, ಕೊಯಮತ್ತೂರು, ಎಲ್ಲಿಗೆ ಹೋಗಿದೆಯೋ. ಆದರೂ ನೋಡುತ್ತೇನೆ ಎಂದೆ. ಈ ಸಲ ಏನು ಹೇಳುತ್ತಿದ್ದೇನೆ ಎಂದು ತಿಳಿದೇ ಹೇಳಿದೆ.

ಎರಡನೇ ಶುಕ್ರವಾರ

ಮುಂದಿನ ಶುಕ್ರವಾರ ವಾಲ್ಟರ್ ತಾನೇ ಎದ್ದು ಮುಂದೆ ಬಂದ. ಮಿಲ್ಲು ಮುಚ್ಚಿದ ದಿನದ ಕಥೆ ಹೇಳುತ್ತೇನೆ ಎಂದ. ಜನ ಕುರ್ಚಿಯಲ್ಲಿ ಹೊರಳಾಡಿದರು. ಆ ವಿಷಯವನ್ನು ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ ಎಂದು ಮಿಸ್ ಹಾರ್ಟ್ಲಿ ಆಮೇಲೆ ಹೇಳಿದರು.

ಎರಡು ಮಾತು ಹೇಳಿ ಅವನು ನಿಂತ. ಟೋಪಿಯನ್ನು ಕೈಯಲ್ಲಿ ತಿರುಗಿಸತೊಡಗಿದ. ಎಲ್ಲರೂ ನೆಲ ನೋಡುತ್ತಿದ್ದರು. ಹಾಗೆ ನಿಂತವನನ್ನು ನೋಡಿಕೊಂಡು ಸುಮ್ಮನಿರಲು ನನಗೆ ಆಗಲಿಲ್ಲ. "ಹೂಂ" ಎಂದೆ, ಸ್ವಲ್ಪ ಜೋರಾಗಿಯೇ.

ಅವನು ತಲೆಯೆತ್ತಿದ. "ಏನು?"

"ಕೇಳುತ್ತಿದ್ದೇನೆ ಅಂತ. ನಮ್ಮಲ್ಲಿ ಹೀಗೆ."

ಅವನು ಮುಂದಿನ ಮಾತು ಹೇಳಿ ನನ್ನ ಕಡೆ ನೋಡಿದ. ಹೂಂ ಎಂದೆ. ಮುಚ್ಚುವ ದಿನ ಎಲ್ಲರೂ ಮಗ್ಗಕ್ಕೆ ಎಣ್ಣೆ ಹಾಕಿ, ಬಟ್ಟೆಯಿಂದ ಒರೆಸಿ ಇಟ್ಟು ಬಂದರಂತೆ. ಮರುದಿನ ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ. ಅದನ್ನು ಹೇಳಿದಾಗ ನನಗಿಂತ ಮುಂಚೆ ಮುಂದಿನ ಸಾಲಿನ ಒಬ್ಬ ಹೆಂಗಸು "ಹೂಂ" ಎಂದಳು. ಅವಳ ಹೂಂ ನಮ್ಮದರ ಹಾಗಿರಲಿಲ್ಲ, ನಿಟ್ಟುಸಿರಿನ ಹಾಗಿತ್ತು. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಬಾಗಿಲ ಹತ್ತಿರ ನಿಂತಿದ್ದ ಒಬ್ಬ, ನಾನೂ ಒರೆಸಿದೆ, ನಾನು ಎರಡು ಸಲ ಒರೆಸಿದೆ ಎಂದು ನಡುವೆಯೇ ಹೇಳಿದ. ಅಲ್ಲಿಗೆ ಸಾಲು, ಗಂಟೆ, ನಿಶ್ಶಬ್ದದ ಬೋರ್ಡು ಎಲ್ಲ ಕೆಟ್ಟವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ನಗುತ್ತಿದ್ದರು. ನನಗೆ ಅರ್ಧವೂ ತಿಳಿಯಲಿಲ್ಲ. ಗಂಟೆ ನನ್ನ ಕೈಯಲ್ಲೇ ಇತ್ತು. ಬಾರಿಸಬೇಕೇ ಬೇಡವೇ ಎಂದು ಮಿಸ್ ಹಾರ್ಟ್ಲಿಯವರ ಮುಖ ನೋಡಿದೆ. ಅವರು ಗಂಟೆಯನ್ನು ನನ್ನಿಂದ ಇಸಕೊಂಡು ಚೀಲದೊಳಗೆ ಹಾಕಿಕೊಂಡರು.

ಉಳಿದ ನಾಲ್ಕು ಶುಕ್ರವಾರ ಕುರ್ಚಿಗಳು ಸಾಲಲಿಲ್ಲ.

ಮತ್ತೆ ದಾವಣಗೆರೆ, ಮತ್ತೆ ಹರಿಹರ

ಊರಿಗೆ ಬಂದ ಮೇಲೆ ಅಬ್ಬಾನಿಗೆ ಎಲ್ಲ ಹೇಳಿದೆ. ಅವರು ತಕ್ಷಣ ಚಪ್ಪಲಿ ಮೆಟ್ಟಿದರು. ದಾವಣಗೆರೆಯ ಮಿಲ್ಲುಗಳಲ್ಲಿ ಅವರ ಜೊತೆ ದುಡಿದವರ ಮಕ್ಕಳು ಈಗ ಆಳುಗಳ ಮೇಲೆ ನಿಗಾ ಇಡುವ ಜಾಬರುಗಳಾಗಿದ್ದಾರೆ, ಒಳಗೆ ಬಿಟ್ಟರು. ಮಗ್ಗದ ಖಾತೆಯ ಗದ್ದಲದೊಳಗೆ ಕಾಲಿಟ್ಟೊಡನೆ ಅಬ್ಬಾ ನನಗಿಂತ ಚೆನ್ನಾಗಿ ಕೇಳುವವರಂತೆ ಓಡಾಡಿದರು. ಅಲ್ಲಿ ಎಲ್ಲರೂ ಅವರ ಭಾಷೆಯವರೇ. ಬಗ್ಗಿ ಬಗ್ಗಿ ನೋಡಿದೆವು, ಇ ಸಿಗಲಿಲ್ಲ.

ಹರಿಹರದಲ್ಲಿ ಹೊಳೆಯ ಕಡೆ ಒಂದು ಸಣ್ಣ ಶೆಡ್ಡಿನಲ್ಲಿ ಬೊಂಬಾಯಿಯಿಂದ ತಂದ ಹಳೆಯ ವಿಲಾಯತಿ ಮಗ್ಗಗಳಿವೆ ಎಂದು ಯಾರೋ ಹೇಳಿದರು. ಹೋದೆವು. ಹನುಮಕ್ಕ ಎಂಬ ಹೆಂಗಸು ಅಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ನಿಂತವಳು. ಮಾಲೀಕರು ಎಲ್ಲ ಮಗ್ಗಕ್ಕೂ ದಪ್ಪ ಹಸಿರು ಬಣ್ಣ ಬಳಿಸಿದ್ದರು. ಅವಳ ಒಂದು ಮಗ್ಗದ ಒಳಮೈಯಲ್ಲಿ ಅಬ್ಬಾನ ಬೆರಳಿಗೆ ಏನೋ ತಗುಲಿತು. ಚಾಕುವಿನಿಂದ ಬಣ್ಣ ಕೆರೆದೆವು. ಒಂದು ನಿಂತ ಗೆರೆ, ಎರಡು ಅಡ್ಡ ಗೆರೆ. ಮೂರನೆಯ ಅಡ್ಡ ಗೆರೆ ಇರಬೇಕಾದಲ್ಲಿ ಕಬ್ಬಿಣ ಮುಕ್ಕಾಗಿತ್ತು. ಇ ಇರಬಹುದು. ಎಫ್ ಇರಬಹುದು. ಎರಕ ಹೊಯ್ಯುವಾಗ ಬಿದ್ದ ಗಾಯವೂ ಇರಬಹುದು.

ವಾಲ್ಟರನಿಗೆ ಏನು ಬರೆಯುವುದೆಂದು ತಿಳಿಯದೆ ಆ ಶನಿವಾರ ಲೈಬ್ರರಿಯಲ್ಲಿ ಇದನ್ನೇ ಕಥೆಯಾಗಿ ಹೇಳಿದೆ. ಅಧ್ಯಕ್ಷರೂ ಬಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹರಿಹರದಿಂದ ಹನುಮಕ್ಕನನ್ನೂ ಕರೆಸಿದ್ದೆ, ತಂಗಿಯ ಜೊತೆ ಬಂದಿದ್ದಳು. ಮುಗಿಸಿ, ಈಗ ಏನು ಬರೆಯಲಿ ನೀವೇ ಹೇಳಿ ಎಂದೆ.

ರುದ್ರಜ್ಜ ಹೇಳಿದ: "ಸಿಕ್ತು ಅಂತ ಬರೀರಿ. ಆ ಮುದುಕಪ್ಪ ನೆಮ್ಮದಿಯಿಂದ ನಿದ್ದಿ ಮಾಡ್ಲಿ. ಬಂದು ನೋಡ್ತಾನಾ?"

"ಅದೆಂಗಾಗ್ತೈತೆ?" ಅಧ್ಯಕ್ಷರು ಕುರ್ಚಿಯಿಂದ ಎದ್ದರು. "ಸುಳ್ಳು ಬರೀಬ್ಯಾಡ್ರಿ. ಹೋದ ಮಾಲು ಎಲ್ಲೈತೆ ಅಂತ ಕೇಳಿದ್ರ ಗೊತ್ತಿಲ್ಲ ಅನ್ನೋದೇ ಮರ್ಯಾದಿ."

"ಮಾಲಲ್ರಿ ಅದು" ಎಂದ ಒಬ್ಬ ಮಿಲ್ಲಿನವ.

"ಮತ್ತೇನು?"

"ನೀವು ಮಗ್ಗದ ಮುಂದ ನಿಂತೋರಲ್ಲ ಬಿಡ್ರಿ."

ಅಧ್ಯಕ್ಷರು ಬಿಡಲಿಲ್ಲ. ಕುರ್ಚಿ ಬಿಟ್ಟು ಜಮಖಾನದ ನಡುವಿಗೇ ಬಂದು ವಾದಕ್ಕೆ ಕೂತರು. ಲೋಕಿಕೆರೆಯವರು ಒಂದು ಪಕ್ಷ, ಬಜಾರಿನವರು ಒಂದು ಪಕ್ಷ. ವಿಲಾಯತಿಯಲ್ಲಿ ಗದ್ದಲವಿದೆಯೋ ಇಲ್ಲವೋ ಎಂದು ನಾನು ಒಪ್ಪಿಸಬೇಕಿದ್ದ ವರದಿಯನ್ನು ಅವರು ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಮುಂದಿನ ಶನಿವಾರ ಎಲ್ಲರಿಗಿಂತ ಮುಂಚೆ ಬಂದರು.

ವಾದ ತುಸು ತಣಿದಾಗ ಗೋಡೆಯ ಬದಿಯಿಂದ ಹನುಮಕ್ಕ ಮಾತಾಡಿದಳು.

"ಮಗ್ಗ ಯಾರ್ದು ಅಂತ ನಂಗ ಗೊತ್ತಿಲ್ಲ. ಅದರ ನೂಲೆಳೆಯೋ ಲಾಳಿ ಎಡಗಡೆ ಪೆಟ್ಟಿಗ್ಯಾಗ ಹೋಗಿ ನಿಂದ್ರಬೇಕು, ನಿಂದ್ರಂಗಿಲ್ಲ, ಪುಟದು ಬರ್ತೈತೆ. ನೂಲು ಹರೀತೈತೆ. ದಿನಾ ಸಾಕಾಗೇತಿ. ಆ ಯಜಮಾನ್ರ ಮಗ್ಗ ಆಗಿದ್ರ ಇದು ಅವ್ರಿಗೆ ಗೊತ್ತಿರ್ತೈತೆ. ಏನು ಮಾಡ್ತಿದ್ರು ಕೇಳ್ರಿ."

ನಾನು ಹಾಗೇ ಬರೆದೆ. ಕಂಡ ಗೆರೆಗಳನ್ನು ಕಂಡಷ್ಟೇ ಬರೆದು, ಅವಳ ಪ್ರಶ್ನೆಯನ್ನು ಕೆಳಗೆ ಸೇರಿಸಿದೆ.

ಉತ್ತರ ಬರಲು ತುಂಬ ದಿನ ಹಿಡಿಯಿತು. ಎಡಿತ್ ಬರೆದಿದ್ದರು, ಮಾತು ವಾಲ್ಟರನದು. ಶನಿವಾರ ಅದನ್ನು ಓದಿ ಕನ್ನಡದಲ್ಲಿ ಹೇಳಿದೆ.

"ಅದು ನನ್ನ ಮಗ್ಗ ಅಲ್ಲ. ನಂದು ಯಾವತ್ತೂ ಲಾಳಿ ಪುಟಿಸಿಲ್ಲ, ಪುಟಿಸಾಕೆ ನಾನು ಬಿಟ್ಟಿಲ್ಲ. ಆದ್ರ ಆ ರೋಗ ನಂಗೊತ್ತು. ಪೆಟ್ಟಿಗಿ ಒಳಮೈಗೆ ತೊಗಲು ಅಂಟಿಸ್ರಿ. ಹಳೇ ಬೂಟಿನ ನಾಲಿಗಿ ಸಾಕು, ಹೊಸ ತೊಗಲು ಬ್ಯಾಡ, ಜಾರ್ತೈತೆ. ಎರಡು ದಿನ ಬಿಟ್ಟು ನೋಡ್ರಿ. ಮತ್ತೆ, ಆ ಹೆಣ್ಮಗಳು ಯಾರು, ಎಷ್ಟು ಮಗ್ಗ ನೋಡ್ಕೋತಾಳೆ, ಬರೀರಿ."

ಅಧ್ಯಕ್ಷರು ತಮ್ಮ ಮನೆಯಲ್ಲಿದ್ದ ಹಳೆಯ ಬೂಟೊಂದನ್ನು ಕಳಿಸಿಕೊಟ್ಟರು. ಎಂಟು ದಿನದ ಮೇಲೆ ನಾನು ಹರಿಹರದ ಶೆಡ್ಡಿಗೆ ಹೋದೆ. ಅಬ್ಬಾ ಆಗಲೇ ಅಲ್ಲಿದ್ದರು. ತೊಗಲು ಅಂಟಿಸಿದ ಮಗ್ಗದಲ್ಲಿ ಲಾಳಿ ಪುಟಿಯುತ್ತಿರಲಿಲ್ಲ. ಹನುಮಕ್ಕ ಮಗ್ಗ ನಿಲ್ಲಿಸದೆ, ಲಾಳಿಯಿಂದ ಕಣ್ಣು ತೆಗೆಯದೆ, ದನಿಯಿಲ್ಲದೆ ಬಾಯಿ ಅಗಲ ಮಾಡಿ ವಾಲ್ಟರನಿಗೆ ಬರೆಯಬೇಕಾದ್ದನ್ನು ಹೇಳಿದಳು. ನಾನು ಕಾಗದವನ್ನು ಬಟ್ಟೆಯ ಸುರುಳಿಯ ಮೇಲಿಟ್ಟುಕೊಂಡು ಅವಳ ತುಟಿ ನೋಡಿ ಬರೆದುಕೊಂಡೆ.

ಹನುಮಕ್ಕ ಅಂತ ನನ್ನ ಹೆಸರು. ಎರಡು ಮಗ್ಗ. ಬರೋ ತಿಂಗಳಿಂದ ಮೂರು.